ಹಬ್ಬದ ಮಾರನೆಯ ದಿನ

ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಚೌರಪ್ಪನಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬ ಇರಲಿಕ್ಕಿಲ್ಲ. ನಾಯಿ ಕಂಡರೆ ಹೆದರಿಕೆ, ಪೊಲೀಸರನ್ನು ಕಂಡರೆ ಹೆದರಿಕೆ, ಬ್ಯಾಂಕಿನ ಕಿಟಕಿಯಾಚೆ ಕೂತ ಹುಡುಗಿ ಸುಮ್ಮನೆ ತಲೆಯೆತ್ತಿ ನೋಡಿದರೂ ಹೆದರಿಕೆ. ಆನೇಕಲ್ ಸಂತೆಯಲ್ಲಿ ತರಕಾರಿಯವಳು ಗದರಿಸಿದಳೆಂದು ಕೊಳೆತ ಬದನೆಕಾಯಿಯನ್ನು ಬಾಯಿ ಮುಚ್ಚಿಕೊಂಡು ಮನೆಗೆ ಹೊತ್ತು ತಂದ ಪುಣ್ಯಾತ್ಮ ಅವನು. ಹೆಂಡತಿ ಲೂರ್ದಮ್ಮ ಮದುವೆಯಾದ ಹೊಸದರಲ್ಲೇ ಗಂಡನ ಅಳತೆ ತಿಳಿದುಕೊಂಡು, ಜಗಳದ ಖಾತೆಯನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. ನೀರಿನ ಟ್ಯಾಂಕರಿನವನ ಜೊತೆ, ಗ್ಯಾಸಿನವನ ಜೊತೆ, ಗೋಡೆ ಒತ್ತರಿಸಿದ ಪಕ್ಕದ ಮನೆಯವರ ಜೊತೆ ಅವಳು ಬೀದಿಯಲ್ಲಿ ನಿಂತು ಮಾತಾಡುತ್ತಿದ್ದರೆ ಚೌರಪ್ಪ ಒಳಗೆ ಕುಳಿತು ಜಪಸರದ ಮಣಿ ಎಣಿಸುತ್ತಿದ್ದ. ಭಕ್ತಿಯಿಂದಲೋ ಭಯದಿಂದಲೋ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಇಂಥವನ ಪಾಲಿಗೆ ಬಂದ ಕೆಲಸವೋ, ಪವರ್ ಪ್ರೆಸ್ಸಿನದು. ಕಾರಿನ ಸೀಟಿನಡಿ ಕೂರುವ ಕಬ್ಬಿಣದ ಪಟ್ಟಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ. ತಗಡಿನ ತುಂಡನ್ನು ಕೆಳಗಿನ ಅಚ್ಚಿನ ಮೇಲಿಟ್ಟು ಗುಂಡಿ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದು ಇಳಿದು, ತಗಡನ್ನು ಮಡಿಸಿ, ಕಣ್ಣು ಮಿಟುಕಿಸುವುದರೊಳಗೆ ಮೇಲೇರುತ್ತದೆ. ಅದಕ್ಕೆ ತಗಡೂ ಒಂದೇ, ಬೆರಳೂ ಒಂದೇ. ಅದಕ್ಕಾಗಿಯೇ ಮೆಷಿನ್ನು ಕಟ್ಟಿದವರು ಎಡಗಡೆಗೊಂದು ಬಲಗಡೆಗೊಂದು ಎರಡು ಗುಂಡಿ ಇಟ್ಟಿದ್ದರು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಇರಲು ಸಾಧ್ಯವಿಲ್ಲವಲ್ಲ, ಅದು ಲೆಕ್ಕ.

ಆದರೆ ಆ ಲೆಕ್ಕದಲ್ಲಿ ಕೆಲಸ ನಿಧಾನ. ಹಾಗಾಗಿ ಶಾಪಿನಲ್ಲಿ ಒಂದು ವಾಡಿಕೆ ಬೆಳೆದಿತ್ತು. ಎಡಗಡೆಯ ಗುಂಡಿಯ ಸಂದಿಗೆ ಒಂದು ಮರದ ಚಕ್ಕೆ ಸಿಕ್ಕಿಸಿಬಿಟ್ಟರೆ ಅದು ಒತ್ತಿದಂತೆಯೇ ಇರುತ್ತದೆ. ಆಮೇಲೆ ಒಂದು ಕೈಯಲ್ಲಿ ತಗಡು ಇಡುತ್ತ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತ ಹೋಗಬಹುದು. ಪೀಸು ಜಾಸ್ತಿ, ಟಾರ್ಗೆಟ್ ಮುಗಿದರೆ ಎಲ್ಲರಿಗೂ ಇನ್ಸೆಂಟಿವ್. ಇದಕ್ಕೆ 'ಚಕ್ಕೆ ಕೊಡೋದು' ಎಂದು ಹೆಸರು. ಬೆಳಗ್ಗೆ ಅಚ್ಚು ಕೂರಿಸುವ ಸೆಟ್ಟರೇ ಚಕ್ಕೆಯನ್ನೂ ಕೊಡಬೇಕು. ಆ ಸೆಟ್ಟರು ನಮ್ಮ ಚೌರಪ್ಪ. ಚಕ್ಕೆ ಕೊಡಲು ಪ್ರತಿ ದಿನ ಹೆದರುತ್ತಿದ್ದ, ಪ್ರತಿ ದಿನ ಕೊಡುತ್ತಿದ್ದ. ಬೇಡ ಎನ್ನುವುದಕ್ಕೆ ಚಕ್ಕೆಯ ಹೆದರಿಕೆಗಿಂತ ದೊಡ್ಡ ಹೆದರಿಕೆ ಅಡ್ಡ ಬರುತ್ತಿತ್ತು.

ಕ್ರಿಸ್‌ಮಸ್ ಕಳೆದು ಸ್ವಲ್ಪ ದಿನಕ್ಕೆ ಮೂರನೇ ಮೆಷಿನ್ನಿನಲ್ಲಿ ಕೂರುವ ಆಶಾರಾಣಿಯ ಕೈಗವಸು ಅಚ್ಚಿನೊಳಗೆ ಸಿಕ್ಕಿತು. ಕೈ ಹೇಗೋ ಜಾರಿ ಹೊರಗೆ ಬಂತು, ಗವಸು ಒಳಗೇ ಉಳಿಯಿತು. ಅವಳು ಒಂದು ಕ್ಷಣ ತನ್ನ ಬೆರಳುಗಳನ್ನು ನೋಡಿಕೊಂಡು ನಕ್ಕುಬಿಟ್ಟಳು. "ನನ್ ಗಂಡ ಉಂಗ್ರ ಕೊಡ್ಸ್ತೀನಿ ಅಂದವ್ನೆ, ಅದಕ್ಕೇ ಉಳ್ಕೊಂಡಿದೆ" ಎಂದಳು. ಸುತ್ತಲಿನವರೂ ನಕ್ಕರು. ಮತ್ತೆ ಕೆಲಸ ಶುರುವಾಯಿತು. ಚೌರಪ್ಪ ಮಾತ್ರ ಆ ಗವಸನ್ನು ಎತ್ತಿಕೊಂಡು ನಿಂತ. ಅದರ ಎರಡು ಬೆರಳು ಹಪ್ಪಳದಂತೆ ತೆಳ್ಳಗಾಗಿದ್ದವು. ಅಂದು ಬೆಳಗ್ಗೆ ಆ ಮೆಷಿನ್ನಿಗೆ ಚಕ್ಕೆ ಕೊಟ್ಟದ್ದು ತಾನು ಎಂಬುದು ಬಿಟ್ಟರೆ ಅವನ ತಲೆಗೆ ಬೇರೇನೂ ಹೋಗಲಿಲ್ಲ. ಆಮೇಲಿನಿಂದ ಅವನಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಧಡ್ ಎನ್ನುವ ಸದ್ದು. ಬಸ್ಸಿನ ಬಾಗಿಲು ಹಾಕಿಕೊಂಡರೂ ಬೆಚ್ಚಿಬೀಳುತ್ತಿದ್ದ.

ಹೀಗೆ ಬೆಚ್ಚಿಬೀಳುತ್ತಲೇ ಬೂದಿ ಬುಧವಾರ ಬಂತು. ಕ್ರೈಸ್ತರ ತಪಸ್ಸುಕಾಲ ಅಂದಿನಿಂದ ಶುರು. ಈಸ್ಟರ್ ಹಬ್ಬದವರೆಗೆ ಮಾಂಸ ಬಿಡುವವರು ಮಾಂಸ ಬಿಡುತ್ತಾರೆ, ಕುಡಿಯುವವರು ಕುಡಿತ ಬಿಡುತ್ತಾರೆ. ಚೌರಪ್ಪ ತಪ್ಪದೆ ಪ್ರತಿ ವರ್ಷ ಮಾಂಸ, ಬೀಡಿ ಎರಡನ್ನೂ ಬಿಡುತ್ತಿದ್ದ. ಆ ಬೆಳಗ್ಗೆ ಚರ್ಚಿನ ಮೊದಲ ಪೂಜೆಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡು ನೇರವಾಗಿ ಶಿಫ್ಟಿಗೆ ಬಂದ. ಸೂಪರ್‌ವೈಸರ್ ವೀರೇಶ್ ಎದುರಾದ. ದಾವಣಗೆರೆ ಕಡೆಯ ಲಿಂಗಾಯತರ ಮನೆಯವನು, ಚಂದಾಪುರದ ಅಪಾರ್ಟ್‌ಮೆಂಟಿನಲ್ಲಿ ತಾಯಿಯ ಜೊತೆ ಇದ್ದ. ಕೆಲಸದಲ್ಲಿ ಬಿಗಿ, ಮನುಷ್ಯ ಕೆಟ್ಟವನಲ್ಲ.

"ಚೌರಪ್ಪ, ಮೂರನೇದಕ್ಕ ಲಗೂನ ಚಕ್ಕಿ ಕೊಡ್ರಿ, ಇವತ್ತು ಲೋಡ್ ಹೋಗ್ಬೇಕು" ಎಂದವನು ಅವನ ಹಣೆ ನೋಡಿ ನಿಂತ. "ಏನಿದು? ನೀವೂ ವಿಭೂತಿ ಹಚ್ಕೊಂತೀರೇನು?"

ಕೈ ಹೋಗುತ್ತದೆ ಸಾರ್, ಇನ್ನು ನಾನು ಚಕ್ಕೆ ಕೊಡುವುದಿಲ್ಲ ಎಂದು ಹೇಳಬೇಕಾದ ಹೊತ್ತು ಅದು. ವಾರಗಟ್ಟಲೆ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದ ಮಾತು. ಚೌರಪ್ಪನ ಬಾಯಿಂದ ಬಂದದ್ದು ಬೇರೆಯೇ.

"ವ್ರತ ಸಾರ್. ಅಬ್ಬದ ಗಂಟ. ಮಾಂಸ ಬಿಟ್ಟಿವ್ನಿ, ಬೀಡಿ ಬಿಟ್ಟಿವ್ನಿ..." ಹಣೆಯ ಬೂದಿ ಮುಟ್ಟಿಕೊಂಡ. "ಚಕ್ಕೆ ಕೊಡೋದ್ನೂ ಬಿಟ್ಟಿವ್ನಿ ಸಾರ್."

ವೀರೇಶ್ ಸಿಟ್ಟಾಗುತ್ತಾನೆಂದು ಚೌರಪ್ಪ ಕಣ್ಣು ಮುಚ್ಚಿದ್ದ. ತೆರೆದು ನೋಡಿದರೆ ಅವನ ಮುಖ ಮೆತ್ತಗಾಗಿತ್ತು. "ವ್ರತ ಅಂದ್ಮ್ಯಾಲೆ ಮುಗೀತು ಬಿಡ್ರಿ. ನಮ್ಮವ್ವ ಲಿಂಗಪೂಜಿ ಆಗೋತನಕ ನೀರು ಸೈತ ಮುಟ್ಟಂಗಿಲ್ಲ. ದೇವರ ಕೆಲಸಕ್ಕ ನಾ ಅಡ್ಡ ಬರಲ್ಲ. ಹಬ್ಬ ಆಗ್ಲಿ, ಆಮ್ಯಾಲೆ ಎಲ್ಲಾ ಸೇರಿಸಿ ಹೊಡಿಯೋಣು" ಎಂದು ಹೊರಟುಹೋದ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಲೂರ್ದಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಕೆಳಗಿಟ್ಟಳು. "ಅಂದ್ರೆ ದೇವ್ರ ಹೆಸ್ರಲ್ಲಿ ಸುಳ್ಳು ಹೇಳಿ ಬಂದ್ರಾ?"

"ಸುಳ್ಳು ಆಗ್ದಂಗೆ ಮಾಡ್ಕೋತೀನಿ ಕಣೇ. ಇವತ್ತಿಂದ ಅದನ್ನೂ ಸೇರ್ಸ್ಕೊಂಬುಡ್ತೀನಿ."

"ಅಬ್ಬದ ಗಂಟ ಸರಿ. ಆಮೇಲೆ?"

ಅವನು ಜಪಸರ ಕೈಗೆತ್ತಿಕೊಂಡ. ಆಮೇಲೆ ಎಂಬ ಮಾತು ಆ ದಿನ ಅವನ ತಲೆಯೊಳಗೆ ಹೋಗಿ ಕುಳಿತದ್ದು ಮತ್ತೆ ಏಳಲಿಲ್ಲ.

ಶಾಪಿನಲ್ಲಿ ಸುದ್ದಿ ಹರಡಿತು. ನಮ್ಮ ಜನಕ್ಕೆ ವ್ರತ ಎಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚೌರಪ್ಪನ ಕೈಕೆಳಗಿನ ಸೆಟ್ಟರ್ ಕೃಷ್ಣ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಿದ್ದವನು. ಮಾಲೆ ಹಾಕಿದ ಸ್ವಾಮಿಗೆ ಏನೇನು ಮರ್ಯಾದೆ ಸಲ್ಲಬೇಕೋ ಅದೆಲ್ಲವನ್ನೂ ಚೌರಪ್ಪನಿಗೆ ಸಲ್ಲಿಸಿದ. ಅವನ ಎದುರು ಮೊಟ್ಟೆ ಪಫ್ ತಿನ್ನುತ್ತಿರಲಿಲ್ಲ. ಯಾರಾದರೂ ಕೆಟ್ಟ ಮಾತಾಡಿದರೆ, "ಲೋ, ಚೌರಪ್ಪಣ್ಣ ವ್ರತದಲ್ಲಿದ್ದಾರೆ ಕಣ್ರೋ, ಅತ್ಲಾಗ್ ಹೋಗಿ ಬೈಕೊಳ್ಳಿ" ಎಂದು ಗದರುತ್ತಿದ್ದ. ಟೀ ಹೊತ್ತಿಗೆ ಯಾರೋ ಬಾಳೆಹಣ್ಣು ತಂದಿಡುತ್ತಿದ್ದರು. ಹೆದರಿ ಹೇಳಿದ ಒಂದು ಮಾತಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನೋಡಿ ಚೌರಪ್ಪನಿಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸುತ್ತಿತ್ತು.

ಪೀಸು ಕಡಿಮೆಯಾಯಿತು. ಆಶಾರಾಣಿ ಎರಡು ಕೈಯಲ್ಲಿ ಎರಡು ಗುಂಡಿ ಒತ್ತುತ್ತ, ಪ್ರತಿ ಸಲ ಕೈ ತೆಗೆದು ತಗಡು ಇಡುತ್ತ ಕೆಲಸ ಮಾಡುತ್ತಿದ್ದಳು. ಅವಳ ಕೈ ಅಚ್ಚಿನಿಂದ ದೂರ ಇರುವುದನ್ನು ನೋಡುವುದೇ ಚೌರಪ್ಪನಿಗೆ ಆ ದಿನಗಳ ಊಟವಾಗಿತ್ತು. ಅವಳು ಮಾತ್ರ ಒಂದು ದಿನ ಹೇಳಿದಳು: "ಬೇಜಾರೇನಿಲ್ಲ ಅಣ್ಣ. ನಮ್ಮನೆ ನಡೆಯೋದೇ ಆ ಇನ್ಸೆಂಟಿವಲ್ಲಿ, ಆದ್ರೂ ದೇವ್ರ ವಿಷ್ಯ. ಹಬ್ಬ ಆಗ್ಲಿ, ಆಮೇಲೆ ಎಲ್ಲಾ ದುಡ್ಕೋತೀನಿ."

ಎಲ್ಲರೂ ಹಬ್ಬ ಆಗಲಿ ಎನ್ನುವವರೇ. ವೀರೇಶ್ ಯಜಮಾನರ ಹತ್ತಿರ ಹೋಗಿ, ಹಬ್ಬದ ತನಕ ಸ್ವಲ್ಪ ನಿಧಾನ, ಆಮೇಲೆ ಬಾಕಿಯನ್ನೆಲ್ಲ ತೀರಿಸಿಕೊಡುತ್ತೇವೆ ಎಂದು ಒಪ್ಪಿಸಿ ಬಂದ. ಯಜಮಾನರು ಅದೇ ನಂಬಿಕೆಯ ಮೇಲೆ ದೊಡ್ಡದೊಂದು ಆರ್ಡರ್ ಹಿಡಿದರು. ಹಬ್ಬದ ಮಾರನೆಯ ಸೋಮವಾರದಿಂದ ಶುರು. ಜಿಗಣಿಯ ಒಂದು ಪ್ರೆಸ್ ಶಾಪಿನ ಹಿಂದೂಗಳೆಲ್ಲ ಈಸ್ಟರ್ ಹಬ್ಬಕ್ಕಾಗಿ ಅಷ್ಟು ಆಸೆಯಿಂದ ಕಾದದ್ದನ್ನು ಯಾವ ಪಾದ್ರಿಯೂ ಕಂಡಿರಲಿಕ್ಕಿಲ್ಲ. ಆ ಹಬ್ಬ ಬರದೇ ಇರಲಿ ಎಂದು ಕೇಳಿಕೊಂಡ ಕ್ರೈಸ್ತನೂ ಚೌರಪ್ಪ ಒಬ್ಬನೇ ಇರಬೇಕು.

ಅವನು ಬಗೆಬಗೆಯ ದಾರಿ ಹುಡುಕಿದ. ಜ್ವರ ಬರಲಿ ಎಂದು ಪ್ರಾರ್ಥಿಸಿದ, ಬರಲಿಲ್ಲ. ಊರಿನ ಚರ್ಚಿನಲ್ಲಿ ತೋಟ ನೋಡಿಕೊಳ್ಳುವ ಕೆಲಸ ಸಿಗಬಹುದೇ ಎಂದು ಯೋಚಿಸಿದ, ಕೇಳಲು ಹೆದರಿದ. ಕೊನೆಗೆ ಕೃಷ್ಣನೇ ಒಂದು ದಾರಿ ತೋರಿಸಿದ. "ಅಣ್ಣ, ನಿಮ್ಮ ಮನ್ಸಿಗೆ ಕಸಿವಿಸಿ ಇದ್ರೆ ಹಬ್ಬ ಆದ್ಮೇಲೂ ನೀವು ಮುಟ್ಬೇಡಿ. ನೀವು ಅಚ್ಚು ಕೂರ್ಸಿ ಆ ಕಡೆ ಹೋಗಿ. ಚಕ್ಕೆ ನಾನ್ ಕೊಡ್ತೀನಿ. ನೀವು ನೋಡ್ಲೇ ಇಲ್ಲ ಅನ್ಕೊಳ್ಳಿ."

ಆ ರಾತ್ರಿ ಚೌರಪ್ಪ ಬಹಳ ದಿನದ ಮೇಲೆ ನಿದ್ದೆ ಮಾಡಿದ. ಬೆಳಗ್ಗೆ ಎದ್ದಾಗ ಮಾತ್ರ ಆ ನಿದ್ದೆಯ ಮೇಲೆಯೇ ಅವನಿಗೆ ಹೇಸಿಗೆ ಹುಟ್ಟಿತು.

ಹಬ್ಬದ ಹಿಂದಿನ ವಾರ ಪಾಪನಿವೇದನೆಗೆ ಹೋಗಿ ಚರ್ಚಿನ ಗುರುಗಳ ಮುಂದೆ ಎಲ್ಲವನ್ನೂ ಒಪ್ಪಿಸಿದ. ವ್ರತವೆಂದು ಸುಳ್ಳು ಹೇಳಿದ್ದು, ಆಮೇಲೆ ಅದನ್ನು ನಿಜ ಮಾಡಿಕೊಂಡದ್ದು, ಸೋಮವಾರದ ಭಯ. ಗುರುಗಳು ವಯಸ್ಸಾದವರು, ನಿಧಾನವಾಗಿ ಕೇಳಿಸಿಕೊಂಡರು.

"ಮಾಂಸ ಬಿಟ್ರಿ, ಹಬ್ಬದ ದಿನ ತಿಂತೀರಿ. ಬೀಡಿ ಬಿಟ್ರಿ, ಹಬ್ಬ ಆದ್ಮೇಲೆ ಸೇದ್ತೀರಿ. ಇದನ್ನೂ ಹಾಗೇ ಬಿಟ್ಟಿದ್ದೀರಾ?"

"ಗೊತ್ತಿಲ್ಲ ಸ್ವಾಮಿ. ಜೀವ್ಮಾನ ಪೂರ್ತಿ ಬೇಡ ಅನ್ನೋ ಧೈರ್ಯ ನನ್ಗಿಲ್ಲ."

"ಜೀವಮಾನದ ಶಿಲುಬೆ ಯಾರೂ ಒಂದೇ ಸಲ ಹೊರೋದಿಲ್ಲ ಚೌರಪ್ಪ. ಆ ದಿನದ್ದು ಆ ದಿನ ಹೊತ್ಕೊಳ್ಳಿ. ಮಾರನೇ ದಿನ ಮತ್ತೆ ಬಗ್ಗಿ ಎತ್ಕೋಬೇಕು, ಅಷ್ಟೇ."

ಚೌರಪ್ಪನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಗುರುಗಳಿಗೇನು, ಅವರು ವೀರೇಶನ ಕೈಕೆಳಗೆ ಕೆಲಸ ಮಾಡುವುದಿಲ್ಲವಲ್ಲ ಎಂದು ಗೊಣಗಿಕೊಂಡೇ ಮನೆಗೆ ಬಂದ.

ಹಬ್ಬಕ್ಕೆ ಮುಂಚಿನ ಶುಭ ಶುಕ್ರವಾರ ಊರಿನ ಬೀದಿಗಳಲ್ಲಿ ಶಿಲುಬೆಯ ಹಾದಿಯ ಮೆರವಣಿಗೆ ಹೊರಟಿತು. ಮರದ ದೊಡ್ಡ ಶಿಲುಬೆಯನ್ನು ಒಬ್ಬರಾದ ಮೇಲೆ ಒಬ್ಬರು ಹೊತ್ತುಕೊಂಡು, ನಿಲ್ಲುವ ಕಡೆ ನಿಂತು ಮೊಣಕಾಲೂರಿ, ಹಾಡುತ್ತ ಹೋಗುವುದು. ಚೌರಪ್ಪನ ಸರದಿ ಬಂದಾಗ ಭುಜ ಕೊಟ್ಟ. ಭಾರ ಅಂಥದ್ದೇನಿರಲಿಲ್ಲ. ಬೆನ್ನ ಹಿಂದೆ ಐವತ್ತು ಜನ ಹಾಡುತ್ತಿದ್ದರು, ಮನೆಗಳ ಮುಂದೆ ಹೆಂಗಸರು ಕೈಮುಗಿದು ನಿಂತಿದ್ದರು, ಪೊಲೀಸಿನವನೊಬ್ಬ ಗಾಡಿಗಳನ್ನು ತಡೆದು ದಾರಿ ಬಿಡಿಸುತ್ತಿದ್ದ. ಹೀಗೆ ಎಲ್ಲರೂ ನೋಡುತ್ತಿರುವಾಗ ಹೊರುವುದು ಸುಲಭ ಎಂದು ಅವನಿಗೆ ಆಗ ಹೊಳೆಯಿತು. ಸೋಮವಾರ ಹಾಡುವವರು ಯಾರೂ ಇರುವುದಿಲ್ಲ.

ಭಾನುವಾರ ಹಬ್ಬ. ಪೂಜೆ ಮುಗಿದು ಮನೆಗೆ ಬರುವಷ್ಟರಲ್ಲಿ ವೀರೇಶ್, ಕೃಷ್ಣ, ಆಶಾರಾಣಿ ಮೂವರೂ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕರೆಯದಿದ್ದರೂ ಬಂದಿದ್ದರು. ವ್ರತ ಮಾಡಿದವರ ಮನೆಗೆ ವ್ರತ ಬಿಡುವ ದಿನ ಹೋಗುವುದು ಪದ್ಧತಿಯಲ್ಲವೇ? ಲೂರ್ದಮ್ಮ ಖುಷಿಯಿಂದ ಎಲೆ ಹಾಕಿದಳು. ವೀರೇಶನಿಗೆ ಅನ್ನ, ಸಾರು, ಪಲ್ಯ ಬೇರೆ ಮಾಡಿ ಬಡಿಸಿದಳು, ಉಳಿದವರಿಗೆ ಬಿರಿಯಾನಿ. ಕೃಷ್ಣ ತನ್ನ ಎಲೆಯಿಂದ ಒಂದು ದೊಡ್ಡ ಮಾಂಸದ ತುಂಡು ಎತ್ತಿ ಚೌರಪ್ಪನ ಬಾಯಿಗೇ ಹಿಡಿದ. "ಬಿಡಿ ಅಣ್ಣ ವ್ರತ. ನಮ್ ಕೈಯಿಂದಾನೇ ಬಿಡ್ಬೇಕು."

ಈಗ ಹೇಳಬೇಕು, ಹೇಳುವುದಾದರೆ ಈಗಲೇ ಎಂದು ಚೌರಪ್ಪನಿಗೆ ಗೊತ್ತಿತ್ತು. ಎಲ್ಲರ ಮುಖದಲ್ಲೂ ಪ್ರೀತಿ ಇತ್ತು. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಈ ಪ್ರೀತಿಯನ್ನು ಏನು ಮಾಡುವುದು? ಅವನು ಬಾಯಿ ತೆರೆದ. ತುಂಡು ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಗಿಯುತ್ತಿದ್ದಾಗ ಲೂರ್ದಮ್ಮ ಅಡುಗೆಮನೆಯ ಬಾಗಿಲಿನಿಂದ ತನ್ನನ್ನೇ ನೋಡುತ್ತಿದ್ದುದು ಅವನಿಗೆ ಕಂಡಿತು.

ಸೋಮವಾರ ಬೆಳಗ್ಗೆ ಶಾಪಿನಲ್ಲಿ ಮದುವೆ ಮನೆಯ ಕಳೆ. ಹೊಸ ತಗಡಿನ ರಾಶಿ ಬಂದು ಬಿದ್ದಿತ್ತು. ಚೌರಪ್ಪ ಮೂರನೇ ಮೆಷಿನ್ನಿಗೆ ಅಚ್ಚು ಕೂರಿಸಿ, ಬೋಲ್ಟು ಬಿಗಿದು, ಮತ್ತೆ ಬಿಚ್ಚಿ, ಮತ್ತೆ ಬಿಗಿದ. ಎಷ್ಟು ಬಿಗಿದರೂ ಆ ಕೆಲಸ ಒಂದು ಹೊತ್ತಿಗೆ ಮುಗಿಯಲೇಬೇಕಿತ್ತು. ವೀರೇಶ್ ನಗುತ್ತ ಬಂದು ಚಕ್ಕೆಯನ್ನು ಅವನ ಮುಂದೆ ಹಿಡಿದ.

"ತಗೋರಿ ಚೌರಪ್ಪ. ಹಬ್ಬ ಮುಗೀತು."

ಚೌರಪ್ಪ ಸ್ಪ್ಯಾನರ್ ಕೆಳಗಿಟ್ಟ. ಕೈ ಚಾಚಲಿಲ್ಲ. "ಬ್ಯಾಡ ಸಾರ್."

"ಯಾಕ್ರಿ? ವ್ರತ ಬಿಟ್ರಲ್ಲ ನಿನ್ನೆ?"

"ಮಾಂಸದ್ದು ಬಿಟ್ಟೆ ಸಾರ್. ಇದ್ನ... ಇವತ್ತೂ ಇಟ್ಕೊಂಡಿವ್ನಿ."

"ಎಲ್ಲಿ ತನಕ?"

"ಇವತ್ತು ಸಾಯಂಕಾಲದ ಗಂಟ."

"ನಾಳೆ?"

"ನಾಳೆ ಬೆಳಗ್ಗೆ ಬಂದು ಯೋಳ್ತೀನಿ ಸಾರ್."

ಹಿಂದಿನಿಂದ ಯಾರೋ ನಕ್ಕರು. ವೀರೇಶ್ ನಗಲಿಲ್ಲ. ಅವನ ಮುಖ ನಿಧಾನವಾಗಿ ಕಪ್ಪಿಟ್ಟಿತು. "ದೇವರ ಹೆಸರು ಹೇಳಿದ್ರಿ ಅಂತ ನಾ ಸುಮ್ಮನಿದ್ದೆ. ಯಜಮಾನ್ರ ಮುಂದ ನಿಮ್ಮ ಸಲುವಾಗಿ ಮಾತು ಕೊಟ್ಟೆ. ಮೋಸ ಮಾಡಿದ್ರಿ ನೀವು."

"ಔದು ಸಾರ್, ಮೋಸಾನೇ." ಚೌರಪ್ಪ ಅಚ್ಚಿನ ಕಡೆ ಬೆರಳು ತೋರಿಸಿದ. "ಅವತ್ತು ವ್ರತ ಅಂತ ಏನೂ ಇರ್ಲಿಲ್ಲ. ಈ ಆಶಾರಾಣಿ ಕೈ ಓಯ್ತದೆ ಅಂತ ನಿಮ್ಗೆ ಯೋಳಕ್ಕೆ ಎದ್ರಿ ಸುಳ್ಳು ಯೋಳ್ದೆ. ಈಗ್ಲೂ ಎದ್ರಿಕೆನೇ. ತಪ್ಪಾಯ್ತು. ಆದ್ರೂ ಕೊಡಾಕಿಲ್ಲ ಸಾರ್."

ವೀರೇಶ್ ಚಕ್ಕೆಯನ್ನು ಕೃಷ್ಣನ ಕಡೆ ಚಾಚಿದ. "ನೀ ಕೊಡೋ. ಚೌರಪ್ಪ, ನೀವು ಪ್ಯಾಕಿಂಗಿಗೆ ನಡೀರಿ. ಮೆಷಿನ್ ಕಡೆ ಬರೋದು ಬ್ಯಾಡ."

ಕೃಷ್ಣ ಯಾರ ಮುಖವನ್ನೂ ನೋಡದೆ ಚಕ್ಕೆ ಸಿಕ್ಕಿಸಿದ. ಆಶಾರಾಣಿ ಸ್ಟೂಲ್ ಎಳೆದುಕೊಂಡು ಕುಳಿತಳು. ಚೌರಪ್ಪ ಪ್ಯಾಕಿಂಗಿನ ಕಡೆ ನಡೆದ. ನಾಲ್ಕು ಹೆಜ್ಜೆ ಇಡುವುದರೊಳಗೆ ಅವನ ಎದೆ ಹಗುರವಾಯಿತು. ಮುಗಿಯಿತು. ಹೇಳಬೇಕಾದ್ದನ್ನು ಹೇಳಿದ್ದಾಯಿತು, ಕೆಲಸವೂ ಉಳಿಯಿತು, ಇನ್ನು ಆ ಚಕ್ಕೆಗೂ ತನಗೂ ಸಂಬಂಧವಿಲ್ಲ. ಹಿಂದೆ ಧಡ್ ಎಂದಿತು. ಒಂದು ಪೀಸು. ಮತ್ತೆ ಧಡ್. ಆಶಾರಾಣಿಯ ಕೈ ಹಳೆಯ ಲಯಕ್ಕೆ ಬರುತ್ತಿತ್ತು. ಮೂರನೆಯ ಧಡ್ಡಿಗೆ ಚೌರಪ್ಪನಿಗೆ ಆ ಹಗುರವೇ ಭಯಂಕರವಾಗಿ ಕಂಡಿತು. ತನ್ನ ಕೈ ಚೊಕ್ಕವಾಗಿದೆ, ಅವಳ ಕೈ ಒಳಗಿದೆ.

ಅವನು ಹೇಗೆ ತಿರುಗಿದ, ಹೇಗೆ ಓಡಿದ ಎಂದು ಆಮೇಲೆ ಅವನಿಗೇ ನೆನಪಾಗಲಿಲ್ಲ. ಆಶಾರಾಣಿ ತಗಡು ಇಡಲು ಹೊರಟಿದ್ದ ಜಾಗದಲ್ಲಿ, ಕೆಳಗಿನ ಅಚ್ಚಿನ ಮೇಲೆ, ತನ್ನ ಬಲಗೈಯನ್ನು ಅಂಗೈ ಕೆಳಗಾಗಿ ಇಟ್ಟುಬಿಟ್ಟ. ಕಬ್ಬಿಣ ಎಣ್ಣೆಯಿಂದ ತಣ್ಣಗಿತ್ತು. ಗುಂಡಿಯ ಕಡೆಗೆ ಇಳಿಯುತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಅಭ್ಯಾಸ ಬಿದ್ದ ಕೈ, ಇನ್ನೊಂದು ಚೂರು ತಡವಾಗಿದ್ದರೆ ಒತ್ತಿಯೇಬಿಡುತ್ತಿತ್ತು.

"ಅಣ್ಣಾ! ಕೈ ತೆಗೀರಿ! ತೆಗೀರಿ ಅಣ್ಣಾ!" ಎಂದು ಅವಳು ಕಿರುಚಿದಳು.

"ಇಲ್ಲಿ ದಿನಾ ನಿನ್ ಕೈ ಇರ್ತದಲ್ಲವ್ವ" ಎಂದ ಚೌರಪ್ಪ. "ಇವತ್ತು ನಂದಿರ್ಲಿ. ಒತ್ತಂಗಿದ್ರೆ ಒತ್ತು."

ತೆಗೆಯಬೇಕೆಂದರೂ ಅವನಿಂದ ಆಗುತ್ತಿರಲಿಲ್ಲ. ಭಯದಿಂದ ತೋಳು ಮರಗಟ್ಟಿಹೋಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಕೈಯ ಮೇಲೆ ಅಷ್ಟು ಭಾರ ತೂಗುತ್ತಿತ್ತು, ಒಂದು ಬೆರಳು ಜಾರಿದರೆ ಇಳಿಯುತ್ತಿತ್ತು. ಪ್ರಾರ್ಥನೆಯ ಒಂದು ಪದವೂ ನೆನಪಿಗೆ ಬರಲಿಲ್ಲ. ಪ್ಯಾಂಟು ಒದ್ದೆಯಾಗಿ ಬಿಸಿ ನೀರು ಕಾಲಿನ ಮೇಲೆ ಹರಿದು ಚಪ್ಪಲಿಗೆ ಇಳಿಯಿತು. ಇಡೀ ಶಾಪು ಅದನ್ನು ನೋಡಿತು. ಯಾರೂ ನಗಲಿಲ್ಲ.

ವೀರೇಶ್ ಓಡಿಬಂದು ಮೇನ್ ಸ್ವಿಚ್ ಆಫ್ ಮಾಡಿದ. ಮೆಷಿನ್ನಿನ ದೊಡ್ಡ ಚಕ್ರ ತಿರುಗುತ್ತ ತಿರುಗುತ್ತ ನಿಂತಿತು. ಕೃಷ್ಣ ಚೌರಪ್ಪನ ಬೆರಳುಗಳನ್ನು ಒಂದೊಂದಾಗಿ ಅಚ್ಚಿನಿಂದ ಬಿಡಿಸಿದ. ಆಶಾರಾಣಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಎಡಗುಂಡಿಯ ಸಂದಿಯಿಂದ ಚಕ್ಕೆಯನ್ನು ಕಿತ್ತು ಸ್ಕ್ರ್ಯಾಪಿನ ಡ್ರಮ್ಮಿಗೆ ಎಸೆದಳು. "ನಾನ್ ಎರಡು ಕೈಯಲ್ಲೇ ಒತ್ತೋದು ಸಾರ್ ಇವತ್ತು. ಬೇಕಾದ್ರೆ ನನ್ನೂ ಪ್ಯಾಕಿಂಗಿಗೆ ಹಾಕಿ" ಎಂದು ವೀರೇಶನ ಕಡೆ ತಿರುಗದೆಯೇ ಹೇಳಿದಳು.

ವೀರೇಶ್ ಸ್ವಿಚ್ಚಿನಿಂದ ಕೈ ತೆಗೆದ. "ಮನಿಗೆ ಹೋಗ್ರಿ ಚೌರಪ್ಪ" ಎಂದ. "ನಾಳೆ..." ಎಂದವನು ಮಾತು ಮುಗಿಸದೆ ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಟಮಟ ಮಧ್ಯಾಹ್ನ ಗಂಡ ಮನೆಗೆ ಬಂದದ್ದನ್ನೂ ಅವನ ಪ್ಯಾಂಟನ್ನೂ ನೋಡಿ ಲೂರ್ದಮ್ಮ ಒಲೆ ಹೊತ್ತಿಸಿದಳು. ಸ್ನಾನಕ್ಕೆ ನೀರು ಕಾಯಿಸಿ ಕೊಟ್ಟಳು. ಅವನು ಬಚ್ಚಲಿನಿಂದಲೇ ಎಲ್ಲವನ್ನೂ ಹೇಳಿದ, ಅವಳು ಹೊರಗೆ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಊಟಕ್ಕೆ ಕೂತಾಗ ಅವನಿಗೆ ತುತ್ತು ಹಿಡಿಯಲು ಆಗಲಿಲ್ಲ. ಅವಳೇ ಹತ್ತಿರ ಕುಳಿತು ಕಲಸಿ ತಿನ್ನಿಸಿದಳು.

"ಕೆಲ್ಸ ಹೋಯ್ತಾ?"

"ಗೊತ್ತಿಲ್ಲ. ನಾಳೆ ಅಂದ್ರು. ನಾಳೆ ಏನು ಅಂತ ಯೋಳ್ಲಿಲ್ಲ."

"ನಾಳೆನೂ ಕೊಡ್ತಾರಲ್ಲ ಚಕ್ಕೆ?"

"ಕೊಡ್ತಾರೆ. ಅವ್ರಿಗೂ ಆರ್ಡ್ರು ಅದಲ್ಲ." ಅವನ ಕಣ್ಣು ತುಂಬಿ ಹನಿ ತಟ್ಟೆಗೆ ಬಿತ್ತು. "ಲೂರ್ದು, ಇವತ್ತೊಂದು ದಿನ ಮಾಡುದ್ರೆ ಎದ್ರಿಕೆ ಓಯ್ತದೆ ಅಂದ್ಕೊಂಡಿದ್ದೆ ಕಣೇ. ಓಗಿಲ್ಲ. ನಿನ್ನೆಗಿಂತ ಜಾಸ್ತಿ ಆಗದೆ."

ಲೂರ್ದಮ್ಮ ಕೊನೆಯ ತುತ್ತು ಕೊಟ್ಟು, ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲವರೆಗೆ ಹೋದವಳು ಅಲ್ಲೇ ನಿಂತು, ಹಿಂತಿರುಗದೆ ಕೇಳಿದಳು.

"ನಾಳೆ ಬೆಳಗ್ಗೆ ಊಟದ ಡಬ್ಬಿ ಕಟ್ಲಾ?"

ಚೌರಪ್ಪ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ.

"ಕಟ್ಟು" ಎಂದ.